ಅಬ್ಬೆ ದುಬಾಯ್: ವಿಧಿಗೂ ವಿಶ್ವಾಸಕ್ಕೂ ನಡುವೆ

ನಮ್ಮ ನುಡಿಯಲ್ಲಿ ಅಬ್ಬೆ ಎಂದರೆ ತಾಯಿ. ಫ್ರೆಂಚರಲ್ಲಿ ಅದೇ ಧ್ವನಿಯ ಶಬ್ದವು ಪಾದ್ರಿಗೆ ಸಲ್ಲುವ ಗೌರವದ ಬಿರುದು. ಅದರ ಮೂಲವಾದ ಅರಮಾಯಿಕ್ ಶಬ್ದಕ್ಕೆ ತಂದೆ ಎಂದು ಅರ್ಥ. ಈ ಬಿರುದನ್ನು ಹೊತ್ತು ಮೈಸೂರು ಸೀಮೆಯಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕು ಬಾಳಿದ ಜೀನ್ ಆಂಟ್ವಾನ್ ದುಬಾಯ್ ಅವರನ್ನು ಚರಿತ್ರೆಯ ವಿದ್ಯಾರ್ಥಿಗಳು ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತ ಒಂದು ದೊಡ್ಡ ಗ್ರಂಥದ ಕರ್ತೃವೆಂದು ಮಾತ್ರ ಬಲ್ಲರು. ಆ ಗ್ರಂಥಕ್ಕಿಂತಲೂ ಅವರ ಬಾಳೇ ನನ್ನನ್ನು ಹೆಚ್ಚಾಗಿ ಸೆಳೆದಿದೆ. ಧರ್ಮವೆಂದರೆ ವಿಧಿನಿಯಮಗಳ ಪಾಲನೆಯೋ, ಅಂತರಂಗದ ವಿಶ್ವಾಸವೋ ಎಂಬ ಪ್ರಶ್ನೆಯು ಆ ಬಾಳಿನಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗಿದೆ.

ಪ್ರಶ್ನೆ ಹೊಸದಲ್ಲ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ, ಯೆಹೂದ್ಯರಲ್ಲದವರು ಕ್ರೈಸ್ತರಾಗಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಂಡು ಮೋಶೆಯ ಧರ್ಮಶಾಸ್ತ್ರಕ್ಕೆ ಒಳಪಡಬೇಕೆಂದು ಕೆಲವರು ವಾದಿಸಿದರು. ಸಂತ ಪೌಲನು ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಅದನ್ನು ಉಗ್ರವಾಗಿ ಖಂಡಿಸಿ, ದೇಹದ ಮೇಲಣ ಗುರುತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ, ಪ್ರೀತಿಯ ಮೂಲಕ ಕೆಲಸ ಮಾಡುವ ವಿಶ್ವಾಸವೇ ಮುಖ್ಯವೆಂದು ಸಾರಿದನು. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನು ಇದೇ ಪತ್ರವನ್ನು ಹಿಡಿದುಕೊಂಡೇ ರೋಮಿನ ಸಭೆಯೊಡನೆ ವಾದಕ್ಕಿಳಿದನು. ಬಾಹ್ಯಾಚಾರವನ್ನು ಪ್ರಶ್ನಿಸಿ ಅಂತರಂಗದ ಭಕ್ತಿಯನ್ನು ಎತ್ತಿಹಿಡಿದ ಶರಣರ ನಾಡಿನವರಾದ ನಮಗೆ ಈ ವಾದ ಪರಕೀಯವೆನಿಸದು.

ಇದು ಹಳೆಯ ಗ್ರಂಥಗಳಲ್ಲಿ ಉಳಿದುಹೋದ ವಿಷಯವೂ ಅಲ್ಲ. ವೈಟ್‌ಫೀಲ್ಡಿನ ಕಡೆಯಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬರುವ ನಾನು, ಪೀಣ್ಯದ ಕಾರ್ಖಾನೆಗಳಲ್ಲಿ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ರಾತ್ರಿ ಪಾಳಿ ಮಾಡುವ ಕ್ರೈಸ್ತ ಗೆಳೆಯರು ಭಾನುವಾರದ ಪೂಜೆ ತಪ್ಪಿತಲ್ಲಾ ಎಂದು ಕೊರಗುವುದನ್ನು ಕೇಳಿದ್ದೇನೆ. ಭಾನುವಾರದ ಪೂಜೆ ಕಥೋಲಿಕರಿಗೆ ವಿಧಿಸಿದ ಕರ್ತವ್ಯ. ಆದರೆ ನ್ಯಾಯವಾದ ಕಾರಣವಿದ್ದಲ್ಲಿ ಊರಿನ ಗುರುವೇ ವಿನಾಯಿತಿ ಕೊಡಬಹುದೆಂದು 1983ರ ಧರ್ಮಸಂಹಿತೆ ತಾನೇ ಹೇಳುತ್ತದೆ. ವಿಧಿಯೂ ಮನುಷ್ಯನ ಕಷ್ಟವನ್ನು ಅರಿಯಬಲ್ಲದೆಂಬುದಕ್ಕೆ ಇದು ಸಾಕ್ಷಿ. ದುಬಾಯ್ ಅವರ ಕಾಲದಲ್ಲಿ ಕಷ್ಟವು ಇದಕ್ಕಿಂತ ನೂರ್ಮಡಿ ಘೋರವಾಗಿತ್ತು.

ಫ್ರಾನ್ಸ್ ದೇಶದ ಆರ್ದೇಶ್ ಪ್ರಾಂತ್ಯದ ಸೇಂಟ್ ರೆಮೇಜ್ ಎಂಬ ಊರು ದುಬಾಯ್ ಅವರದು. 1766ರ ಜನವರಿ 10ರಂದು ಅವರಿಗೆ ದೀಕ್ಷಾಸ್ನಾನವಾಯಿತು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ಸಿನ ವಿದೇಶ ಪ್ರಚಾರಸಂಘದ ಪರವಾಗಿ ಭಾರತಕ್ಕೆ ಹಡಗು ಹತ್ತಿದರು. ಮೊದಲು ಪುದುಚೇರಿಯ ಮಿಷನ್ನಿಗೆ ಸೇರಿ ದಕ್ಷಿಣದ ಜಿಲ್ಲೆಗಳಲ್ಲಿ ಕೆಲಸ ಮಾಡಿದರು. ಜನರ ಬಾಳನ್ನು ತಿಳಿಯದೆ ಅವರಿಗೆ ಬೋಧಿಸುವುದು ವ್ಯರ್ಥವೆಂದು ಮನಗಂಡು, ಐರೋಪ್ಯರ ಸಹವಾಸವನ್ನು ದೂರವಿಟ್ಟರು. ಈ ದೇಶದ ಉಡುಪು ತೊಟ್ಟು ಈ ದೇಶದ ರೀತಿಯಲ್ಲೇ ಬಾಳಿದರು. ಎಲ್ಲ ಜಾತಿಗಳವರೂ ಅವರನ್ನು ಆದರದಿಂದ ಬರಮಾಡಿಕೊಂಡರು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಚದರಿಹೋಗಿದ್ದ ಕ್ರೈಸ್ತ ಸಮಾಜವನ್ನು ಮತ್ತೆ ಕಟ್ಟುವುದಕ್ಕಾಗಿ ಅವರು ಮೈಸೂರು ಸೀಮೆಗೆ ಬಂದರು. ಹಿಂದಣ ಕಥೆಯನ್ನು ವಾಚಕರು ಬಲ್ಲರು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಘಟ್ಟದ ಮೇಲಕ್ಕೆ ಸಾಗಿಸಿದನು. ಸೆರೆಯಾದವರ ಸಂಖ್ಯೆ ಗ್ರಂಥದಿಂದ ಗ್ರಂಥಕ್ಕೆ ಬದಲಾಗುತ್ತದೆ. ದುಬಾಯ್ ಅವರು ಕೊಡುವ ಲೆಕ್ಕ 60,000. ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಅನೇಕರು. ಉಳಿದವರಲ್ಲಿ ಬಹುಮಂದಿಗೆ ಬಲಾತ್ಕಾರದಿಂದ ಸುನ್ನತಿ ಮಾಡಿಸಿ ಮತಾಂತರಗೊಳಿಸಲಾಯಿತು. ಹದಿನೈದು ವರ್ಷ ಅವರು ಬೇರೆ ಹೆಸರಿನಲ್ಲಿ, ಬೇರೆ ಆಚಾರದಲ್ಲಿ ಬಾಳಿದರು.

ಇಂಥವರು ದುಬಾಯ್ ಅವರ ಮುಂದೆ ಬಂದು ನಿಂತರು. ಪೌಲನ ಕಾಲದ ಪ್ರಶ್ನೆ ಇಲ್ಲಿ ತಲೆಕೆಳಗಾಗಿ ಮತ್ತೆ ಹುಟ್ಟಿತೆಂದು ನನಗೆ ತೋರುತ್ತದೆ. ಅಂದು ದೇಹದ ಗುರುತಿಲ್ಲದವರನ್ನು ಸೇರಿಸಬಹುದೇ ಎಂಬುದು ಚರ್ಚೆ. ಇಂದು, ಇಚ್ಛೆಗೆ ವಿರುದ್ಧವಾಗಿ ಗುರುತು ಪಡೆದು, ಬಾಯಲ್ಲಿ ಬೇರೆ ಮತವನ್ನು ನುಡಿದವರನ್ನು ಮರಳಿ ಸೇರಿಸಬಹುದೇ ಎಂಬುದು. ರೋಮಿನ ಚಕ್ರವರ್ತಿ ಡೇಸಿಯಸನು ಕ್ರಿ.ಶ. 250ರಲ್ಲಿ ಕ್ರೈಸ್ತರನ್ನು ಹಿಂಸಿಸಿದಾಗಲೂ ಭಯದಿಂದ ಜಾರಿದವರು ಅನೇಕರಿದ್ದರು. ಅಂಥವರಿಗೆ ಬಾಗಿಲು ಎಂದೆಂದಿಗೂ ಮುಚ್ಚಿತೆಂದು ನೊವೇಷಿಯನನು ಹಟ ಹಿಡಿದನು. ಪ್ರಾಯಶ್ಚಿತ್ತದ ನಂತರ ತೆರೆಯಬೇಕೆಂದು ಕಾರ್ಥೇಜಿನ ಸಿಪ್ರಿಯನನು ವಾದಿಸಿದನು. ಸಭೆ ಸಿಪ್ರಿಯನನ ದಾರಿಯನ್ನೇ ಹಿಡಿಯಿತು. ದುಬಾಯ್ ಅವರೂ ಅದೇ ದಾರಿಯಲ್ಲಿ ನಡೆದು ಸುಮಾರು 1,800 ಮಂದಿಯನ್ನು ಮರಳಿ ಸಭೆಗೆ ಸೇರಿಸಿಕೊಂಡರು.

ಸೇರಿಸಿಕೊಂಡ ಮಾತ್ರಕ್ಕೆ ಹೊಟ್ಟೆ ತುಂಬುವುದಿಲ್ಲ. ಮನೆಮಾರು ಕಳೆದುಕೊಂಡವರಿಗಾಗಿ ಅವರು ಬೇಸಾಯದ ನೆಲೆಗಳನ್ನು ಕಟ್ಟಿದರು. ಹಾಸನದ ಬಳಿಯ ಸಾತಳ್ಳಿ ಅವುಗಳಲ್ಲಿ ಹೆಸರಾದದ್ದು. ಸಿಡುಬು ಊರೂರನ್ನು ಬರಿದುಮಾಡುತ್ತಿದ್ದ ಆ ಕಾಲದಲ್ಲಿ ಗೋವಸೂರಿಯ ಲಸಿಕೆಯನ್ನು ಹರಡಲು ಶ್ರಮಿಸಿದರು. 1803 ಮತ್ತು 1804ರಲ್ಲಿ ಲಸಿಕೆ ಪಡೆದವರು 25,000ಕ್ಕೂ ಮೇಲೆ. ಜೆನ್ನರನು ತನ್ನ ಶೋಧವನ್ನು ಪ್ರಕಟಿಸಿದ್ದು 1798ರಲ್ಲಿ ಎಂಬುದನ್ನು ನೆನೆದರೆ, ಈ ಪಾದ್ರಿಯ ದೂರದೃಷ್ಟಿ ಎಷ್ಟೆಂದು ತಿಳಿದೀತು. ಬೆಂಗಳೂರಿನ ಬ್ಲಾಕ್‌ಪಳ್ಳಿಯಲ್ಲಿ ಅವರು ಕಟ್ಟಿದ ಸಣ್ಣ ಪ್ರಾರ್ಥನಾಲಯವೇ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾಕ್ಕೆ ಬೀಜವಾಯಿತು.

ಆದರೆ ಇನ್ನೊಂದು ವಿಧಿ ಅವರ ಕೈಯನ್ನು ಕಟ್ಟಿತ್ತು. 1606ರಲ್ಲಿ ಮಧುರೆಗೆ ಬಂದ ರಾಬರ್ಟ್ ಡಿ ನೊಬಿಲಿಯು, ಈ ದೇಶದ ಉಡುಪು, ಊಟ, ಪದ್ಧತಿಗಳನ್ನು ಉಳಿಸಿಕೊಂಡೇ ಜನರು ಕ್ರೈಸ್ತರಾಗಬಹುದೆಂದು ಬೋಧಿಸಿದ್ದನು. ಮಲಬಾರ್ ಆಚಾರಗಳೆಂದು ಹೆಸರಾದ ಈ ಪದ್ಧತಿಗಳ ವಿಷಯದಲ್ಲಿ ನೂರು ವರ್ಷಕ್ಕೂ ಮಿಕ್ಕು ವಾದ ನಡೆದು, 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಅವುಗಳಲ್ಲಿ ಅನೇಕವನ್ನು ನಿಷೇಧಿಸಿದರು. ಆ ಆಜ್ಞೆಯನ್ನು ಪಾಲಿಸುವುದಾಗಿ ಮಿಷನರಿಗಳು ಪ್ರಮಾಣ ಮಾಡಬೇಕಿತ್ತು. ಈ ನಿಷೇಧದಿಂದಲೇ ಕ್ರೈಸ್ತಮತವು ಇಲ್ಲಿ ಕ್ಷೀಣಿಸತೊಡಗಿತೆಂದು ದುಬಾಯ್ ಅವರು ಬರೆದಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದೇ ವಾದದಲ್ಲಿ ರೋಮ್, ಅಸ್ಪೃಶ್ಯರೆನಿಸಿಕೊಂಡ ರೋಗಿಗಳ ಮನೆಗೆ ಗುರುಗಳು ಹೋಗಿ ಸಂಸ್ಕಾರ ಕೊಡಲೇಬೇಕೆಂದೂ ಒತ್ತಾಯಿಸಿತ್ತು. ಈ ಒಂದು ವಿಷಯದಲ್ಲಿ ವಿಧಿಯೇ ವಿಶ್ವಾಸದ ಪಕ್ಷವನ್ನು ವಹಿಸಿತು; ಪದ್ಧತಿಯು ಅದಕ್ಕೆ ಅಡ್ಡ ನಿಂತಿತು. ಆದ್ದರಿಂದ ವಿಧಿಯೆಲ್ಲ ಕೆಟ್ಟದ್ದು, ವಿಶ್ವಾಸವೊಂದೇ ಸಾಕು ಎಂದು ಸುಲಭವಾಗಿ ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸು ಬಾರದು.

ದುಬಾಯ್ ಅವರ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಮೆಚ್ಚಿದರು. 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಅದನ್ನು ಕೊಂಡುಕೊಂಡು, 1816ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿತು. ಅದರ ಬಹುಭಾಗವು ಗಾಸ್ತೋ ಕೂರ್ದೂ ಎಂಬ ಹಿಂದಣ ಜೆಸ್ವಿಟ್ ಪಾದ್ರಿಯ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮುರ್ ಎಂಬ ವಿದುಷಿ 1987ರಲ್ಲಿ ತೋರಿಸಿಕೊಟ್ಟರು. ಗ್ರಂಥಕರ್ತರೆಂಬ ಕೀರ್ತಿ ಇದರಿಂದ ಮಸುಕಾಯಿತೆಂಬುದು ನಿಜ. ಸಾತಳ್ಳಿಯ ಕೆಲಸವನ್ನಾದರೋ ಅವರು ಬೇರೆ ಯಾರಿಂದಲೂ ಎರವಲು ಪಡೆದಿರಲಿಲ್ಲ.

1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ, ಭಾರತದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಅಚ್ಚಾದವು. ಇಪ್ಪತ್ತೈದು ವರ್ಷಗಳ ದುಡಿಮೆಯಲ್ಲಿ ತಾವು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಮಂದಿಯನ್ನು ಮಾತ್ರವೆಂದೂ, ಅವರಲ್ಲಿಯೂ ನಿಜವಾದ ವಿಶ್ವಾಸ ಅಪರೂಪವೆಂದೂ, ಹಿಂದೂಗಳನ್ನು ಮತಾಂತರಿಸುವ ಕೆಲಸಕ್ಕೆ ಆಸೆಯೇ ಇಲ್ಲವೆಂದೂ ಅವರು ಬರೆದರು. ಸೆರೆಯಾದ ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ವಿಶ್ವಾಸಕ್ಕಾಗಿ ಧೈರ್ಯದಿಂದ ಎದುರು ನಿಲ್ಲಲಿಲ್ಲವೆಂದು ನೊಂದುಕೊಂಡರು. ಪ್ರಾಟೆಸ್ಟಂಟ್ ಪಾದ್ರಿಗಳಾದ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ 1824ರಲ್ಲಿ ಇದಕ್ಕೆ ಉತ್ತರ ಬರೆದರು.

ಈ ಪತ್ರಗಳ ಮಾತನ್ನು ನಾನು ಒಪ್ಪಲಾರೆ. ಲೇಖನಿ ಹಿಡಿದ ದುಬಾಯ್, ಹುತಾತ್ಮರೆಷ್ಟು, ಹೊಸದಾಗಿ ಸೇರಿದವರೆಷ್ಟು ಎಂದು ಲೆಕ್ಕ ಹಾಕುತ್ತಾರೆ. ಅದೂ ಒಂದು ಬಗೆಯ ವಿಧಿಯ ಅಳತೆಯೇ. ಕತ್ತಿಯ ಮುಂದೆ ತಲೆ ಬಾಗಿದವನನ್ನು ವಿಶ್ವಾಸಹೀನನೆನ್ನುವುದು ಸುಲಭ. ಹದಿನೈದು ವರ್ಷ ಕಳೆದ ಮೇಲೆ, ಒತ್ತಾಯಿಸುವವರು ಯಾರೂ ಇಲ್ಲದಿದ್ದಾಗ, ಆ ಜನರು ತಾವಾಗಿಯೇ ಗುರುವನ್ನು ಹುಡುಕಿಕೊಂಡು ಬಂದರು. ಪೂಜೆಯಿಲ್ಲದೆ, ಗುಡಿಯಿಲ್ಲದೆ, ಸಂಸ್ಕಾರವಿಲ್ಲದೆ ಅಷ್ಟು ದಿನ ಅವರಲ್ಲಿ ಉಳಿದದ್ದು ಏನು? ವಿಧಿಯ ಆಸರೆಯೆಲ್ಲ ಕಳಚಿಹೋದ ಮೇಲೂ ಉಳಿದದ್ದನ್ನು ವಿಶ್ವಾಸವೆನ್ನದೆ ಬೇರೆ ಏನೆನ್ನಬೇಕು? ಬರೆಯುವಾಗ ದುಬಾಯ್ ಅವರಿಗೆ ಕಾಣದೆ ಹೋದದ್ದು, ಬಾಗಿಲು ತೆರೆದ ದಿನ ಅವರಿಗೆ ಕಂಡಿತ್ತೆಂದೇ ನನ್ನ ಭಾವನೆ.

ಕಂಪನಿಯು ಅವರಿಗೆ ವಿಶ್ರಾಂತಿ ವೇತನವನ್ನು ಗೊತ್ತುಮಾಡಿತು. ಪ್ಯಾರಿಸ್ಸಿನಲ್ಲಿ ಅವರು ಪಂಚತಂತ್ರವನ್ನು ಫ್ರೆಂಚಿಗೆ ತಂದು 1826ರಲ್ಲಿ ಪ್ರಕಟಿಸಿದರು; 1836ರಿಂದ 1839ರವರೆಗೆ ತಮ್ಮ ಸಂಘದ ಮುಖ್ಯಸ್ಥರಾಗಿದ್ದು, 1848ರ ಫೆಬ್ರವರಿ 17ರಂದು ತೀರಿಕೊಂಡರು. ಮಲಬಾರ್ ಆಚಾರಗಳನ್ನು ಕುರಿತ ಪ್ರಮಾಣವನ್ನು ರೋಮ್ 1940ರಲ್ಲಿ ರದ್ದುಗೊಳಿಸಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆ ಕನ್ನಡದಲ್ಲಿ ನಡೆಯತೊಡಗಿತು. ಪೂಜೆಯಲ್ಲಿ ಆರತಿ ಎತ್ತಲು, ಕೈಮುಗಿದು ವಂದಿಸಲು 1969ರಲ್ಲಿ ಅನುಮತಿ ದೊರೆಯಿತು. ಒಂದು ಕಾಲದ ನಿಷೇಧ ಇನ್ನೊಂದು ಕಾಲಕ್ಕೆ ಪೂಜೆಯಾಯಿತು. ವಿಧಿ ಹೀಗೆ ಬದಲಾಗುತ್ತಲೇ ಇರುತ್ತದೆ. ಮನುಷ್ಯನನ್ನು ಮರಳಿ ಒಳಗೆ ಕರೆತರುವ ವಿಧಿ ಉಳಿಯಲಿ, ಹೊರಗೆ ನಿಲ್ಲಿಸುವ ವಿಧಿ ಅಳಿಯಲಿ. ಸಾತಳ್ಳಿಯಲ್ಲಿ ನೇಗಿಲು ಹಿಡಿದ ಆ ಬಡ ಒಕ್ಕಲು ಮಕ್ಕಳು ನಮಗೆ ಕಲಿಸುವ ಪಾಠ ಇದೇ.