ಮ್ಯಾಕ್ಸಿಮಿಲಿಯನ್ ಕೋಲ್ಬೆ

ಸಂತ ಮ್ಯಾಕ್ಸಿಮಿಲಿಯನ್ ಮರಿಯ ಕೋಲ್ಬೆ (8 ಜನವರಿ 1894 – 14 ಆಗಸ್ಟ್ 1941) ಪೋಲೆಂಡ್ ದೇಶದ ಕಥೋಲಿಕ ಗುರು, ಕಾನ್ವೆಂಚುವಲ್ ಫ್ರಾನ್ಸಿಸ್ಕನ್ ಸಭೆಯ ಸನ್ಯಾಸಿ ಹಾಗೂ ಪತ್ರಿಕಾ ಸಂಪಾದಕ. ಮುದ್ರಣಯಂತ್ರ, ದಿನಪತ್ರಿಕೆ ಮತ್ತು ರೇಡಿಯೊಗಳನ್ನು ಧರ್ಮಪ್ರಸಾರದ ಸಾಧನಗಳನ್ನಾಗಿ ಬಳಸಿದ ಮೊದಲ ತಲೆಮಾರಿನ ಸನ್ಯಾಸಿಗಳಲ್ಲಿ ಅವರು ಪ್ರಮುಖರು. ಆಶ್‌ವಿಟ್ಜ್ ಸೆರೆಶಿಬಿರದಲ್ಲಿ ಅಪರಿಚಿತನಾದ ಸಹಕೈದಿಯೊಬ್ಬನಿಗೆ ಬದಲಾಗಿ ತಾವೇ ಮರಣವನ್ನು ಕೇಳಿ ಪಡೆದುದರಿಂದ ಲೋಕಕ್ಕೆ ಹೆಚ್ಚಾಗಿ ಪರಿಚಿತರಾಗಿದ್ದಾರೆ. 1982ರಲ್ಲಿ ಕಥೋಲಿಕ ಧರ್ಮಸಭೆಯು ಅವರನ್ನು ಸಂತರೆಂದು ಘೋಷಿಸಿತು.

ಜನನ ಮತ್ತು ಬಾಲ್ಯ

ಕೋಲ್ಬೆಯವರ ಜನ್ಮನಾಮ ರೈಮುಂಡ್. ಅವರು ಹುಟ್ಟಿದ ಝ್ದುನ್ಸ್ಕ ವೋಲ ಎಂಬ ನೇಕಾರರ ಪಟ್ಟಣವು ಆಗ ರಷ್ಯಾ ಸಾಮ್ರಾಜ್ಯದ ಆಳ್ವಿಕೆಗೆ ಒಳಪಟ್ಟಿತ್ತು. ಪೋಲೆಂಡ್ ಎಂಬ ಸ್ವತಂತ್ರ ದೇಶವೇ ಅಂದು ಭೂಪಟದಲ್ಲಿ ಇರಲಿಲ್ಲ. ರಷ್ಯಾ, ಆಸ್ಟ್ರಿಯಾ ಮತ್ತು ಜರ್ಮನಿಗಳು ಅದನ್ನು ಹಂಚಿಕೊಂಡಿದ್ದವು. ತಂದೆ ಯೂಲಿಯುಷ್ ಕೋಲ್ಬೆ ಜರ್ಮನ್ ಮೂಲದ ನೇಕಾರ, ತಾಯಿ ಮರಿಯ ದೊಂಬ್ರೋವ್ಸ್ಕ ಸೂಲಗಿತ್ತಿ. ಐವರು ಗಂಡುಮಕ್ಕಳಲ್ಲಿ ರೈಮುಂಡ್ ಎರಡನೆಯವರು; ಕೊನೆಯ ಇಬ್ಬರು ಎಳವೆಯಲ್ಲಿಯೇ ತೀರಿಕೊಂಡರು. ಕುಟುಂಬವು ಪಾಬ್ಯಾನಿತ್ಸೆ ಎಂಬ ಊರಿನಲ್ಲಿ ನೆಲೆಸಿತು.

ಬಾಲಕನಾಗಿದ್ದಾಗ ಮಾತೆ ಮರಿಯಮ್ಮನವರು ಬಿಳಿ ಮತ್ತು ಕೆಂಪು ಬಣ್ಣದ ಎರಡು ಕಿರೀಟಗಳನ್ನು ಹಿಡಿದು ದರ್ಶನವಿತ್ತರೆಂದೂ, ಪರಿಶುದ್ಧತೆ ಹಾಗೂ ರಕ್ತಸಾಕ್ಷಿತ್ವಗಳ ಕುರುಹುಗಳಾದ ಅವೆರಡನ್ನೂ ತಾನು ಸ್ವೀಕರಿಸಿದೆನೆಂದೂ ರೈಮುಂಡ್ ತಾಯಿಗೆ ಹೇಳಿದ್ದರೆಂಬ ವೃತ್ತಾಂತವು ಅವರ ಎಲ್ಲ ಜೀವನಚರಿತ್ರೆಗಳಲ್ಲಿಯೂ ಬರುತ್ತದೆ. ಇದು ಅವರ ಮರಣಾನಂತರ ತಾಯಿಯಿಂದ ತಿಳಿದುಬಂದ ಸಂಗತಿ.

ಸನ್ಯಾಸ ಮತ್ತು ವಿದ್ಯಾಭ್ಯಾಸ

1907ರಲ್ಲಿ ರೈಮುಂಡ್ ಮತ್ತು ಅಣ್ಣ ಫ್ರಾಂಚಿಷೆಕ್ ರಷ್ಯಾದ ಗಡಿಯನ್ನು ಗುಟ್ಟಾಗಿ ದಾಟಿ, ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಲ್ವೂಫ್ ನಗರದ (ಇಂದಿನ ಉಕ್ರೇನಿನ ಲ್ವಿವ್) ಫ್ರಾನ್ಸಿಸ್ಕನ್ ಕಿರಿಯ ಗುರುಮಠವನ್ನು ಸೇರಿದರು. 1910ರಲ್ಲಿ ನವಶಿಷ್ಯರಾದಾಗ ರೈಮುಂಡ್‌ಗೆ ಮ್ಯಾಕ್ಸಿಮಿಲಿಯನ್ ಎಂಬ ಹೆಸರು ದೊರೆಯಿತು. ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ಅವರಿಗೆ ಅಸಾಧಾರಣ ಒಲವಿತ್ತು. ಬಾಹ್ಯಾಕಾಶಕ್ಕೆ ಹಾರಬಲ್ಲ ವಾಹನವೊಂದರ ನಕ್ಷೆಯನ್ನೂ ಅವರು ಬರೆದಿದ್ದರು. ಮುಂದೆ ಯಂತ್ರಗಳ ಬಗ್ಗೆ ಅವರು ತೋರಿದ ಧೈರ್ಯಕ್ಕೆ ಈ ಒಲವೇ ಬುನಾದಿಯೆನ್ನಬಹುದು.

1912ರಲ್ಲಿ ಉನ್ನತ ವ್ಯಾಸಂಗಕ್ಕಾಗಿ ರೋಮ್ ನಗರಕ್ಕೆ ತೆರಳಿದ ಅವರು 1915ರಲ್ಲಿ ಗ್ರೆಗೋರಿಯನ್ ವಿಶ್ವವಿದ್ಯಾಲಯದಿಂದ ತತ್ತ್ವಶಾಸ್ತ್ರದಲ್ಲಿಯೂ, 1919ರಲ್ಲಿ ತಮ್ಮ ಸಭೆಯದೇ ವಿದ್ಯಾಪೀಠದಿಂದ ದೈವಶಾಸ್ತ್ರದಲ್ಲಿಯೂ ಡಾಕ್ಟರೇಟ್ ಪಡೆದರು. 1914ರ ನವೆಂಬರ್ 1ರಂದು ನಿತ್ಯವ್ರತಗಳನ್ನು ಸ್ವೀಕರಿಸಿ ಹೆಸರಿಗೆ ಮರಿಯ ಎಂಬುದನ್ನು ಸೇರಿಸಿಕೊಂಡರು. ಮೊದಲ ಮಹಾಯುದ್ಧದ ಆರಂಭದಲ್ಲಿ ಪೋಲಿಷ್ ದಳವನ್ನು ಸೇರಿದ್ದ ತಂದೆ ರಷ್ಯನ್ನರ ಕೈಗೆ ಸಿಕ್ಕಿ ಗಲ್ಲಿಗೇರಿದರೆಂದು ಹೇಳಲಾಗುತ್ತದೆ.

1917ರಲ್ಲಿ ರೋಮಿನ ಬೀದಿಗಳಲ್ಲಿ ಫ್ರೀಮೇಸನ್ನರು ಪೋಪರ ವಿರುದ್ಧ ನಡೆಸಿದ ಪ್ರದರ್ಶನಗಳು ಯುವ ಸನ್ಯಾಸಿಯನ್ನು ಕಲಕಿದವು. ಅದೇ ವರ್ಷ ಅಕ್ಟೋಬರ್ 16ರಂದು ಆರು ಮಂದಿ ಸಹಪಾಠಿಗಳೊಡನೆ ಅವರು ಅಮಲೋದ್ಭವಿ ಮಾತೆಯ ಸೇನೆ ಎಂಬ ಭಕ್ತಿಸಂಘವನ್ನು ಸ್ಥಾಪಿಸಿದರು. 1918ರ ಏಪ್ರಿಲ್ 28ರಂದು ಗುರುದೀಕ್ಷೆ ಪಡೆದರು. ಅಷ್ಟರಲ್ಲಿಯೇ ಕ್ಷಯರೋಗವು ಅವರ ಶ್ವಾಸಕೋಶವನ್ನು ಹಿಡಿದಿತ್ತು. ಅದು ಕೊನೆಯವರೆಗೂ ಬಿಡಲಿಲ್ಲ.

ಪತ್ರಿಕೆಯ ಆರಂಭ

1919ರಲ್ಲಿ ಸ್ವತಂತ್ರ ಪೋಲೆಂಡ್‌ಗೆ ಮರಳಿದ ಕೋಲ್ಬೆ ಕ್ರಾಕೋವ್ ನಗರದ ಗುರುಮಠದಲ್ಲಿ ಉಪನ್ಯಾಸಕರಾದರು. ರೋಗದಿಂದ ಕುಗ್ಗಿದ ಅವರ ಧ್ವನಿ ತರಗತಿಯ ಹಿಂದಿನ ಸಾಲಿಗೆ ತಲುಪುವುದೂ ಕಷ್ಟವಾಗಿತ್ತು. ಅವರನ್ನು ಜಕೊಪಾನೆ ಎಂಬ ಗಿರಿಪಟ್ಟಣದ ಆರೋಗ್ಯಧಾಮಕ್ಕೆ ಕಳುಹಿಸಲಾಯಿತು. ಅಲ್ಲಿಯೂ ಅವರು ಸುಮ್ಮನಿರದೆ, ಧರ್ಮದಲ್ಲಿ ನಂಬಿಕೆ ಕಳೆದುಕೊಂಡಿದ್ದ ವಿದ್ಯಾರ್ಥಿ ರೋಗಿಗಳೊಡನೆ ಚರ್ಚೆ ನಡೆಸುತ್ತ, ಸಾಯುತ್ತಿದ್ದವರಿಗೆ ಸಂಸ್ಕಾರಗಳನ್ನು ನೀಡುತ್ತ ಇದ್ದರು.

1922ರ ಜನವರಿಯಲ್ಲಿ ಕ್ರಾಕೋವ್‌ನಿಂದ ರಿತ್ಸೆಷ್ ನ್ಯೆಪೊಕಲಾನೆಯ್ (ಅಮಲೋದ್ಭವಿಯ ವೀರಯೋಧ) ಎಂಬ ಮಾಸಪತ್ರಿಕೆಯ ಮೊದಲ ಸಂಚಿಕೆ 5,000 ಪ್ರತಿಗಳಲ್ಲಿ ಹೊರಬಂದಿತು. ಮೇಲಧಿಕಾರಿಗಳು ಅನುಮತಿ ಕೊಟ್ಟಿದ್ದರೇ ಹೊರತು ಹಣ ಕೊಟ್ಟಿರಲಿಲ್ಲ. ಸಂಪಾದಕರೇ ಮನೆಮನೆಗೆ ಹೋಗಿ ಬೇಡಬೇಕಾಯಿತು. ನಾಚಿಕೆ ಸ್ವಭಾವದ ಅವರಿಗೆ ಅದು ಸುಲಭದ ಕೆಲಸವಾಗಿರಲಿಲ್ಲ. ಬೆಲೆ ಏರಿಕೆಯು ವಿಪರೀತವಾಗಿದ್ದ ಕಾಲವದು. ಮುದ್ರಣಾಲಯಗಳು ದರವನ್ನು ಏರಿಸುತ್ತಲೇ ಹೋದುದರಿಂದ ಸ್ವಂತ ಯಂತ್ರವಿಲ್ಲದೆ ಪತ್ರಿಕೆ ಉಳಿಯದೆಂಬುದು ಅವರಿಗೆ ಬೇಗನೆ ಮನದಟ್ಟಾಯಿತು.

ಗ್ರೋದ್ನೊ ಮಠ

1922ರ ಅಕ್ಟೋಬರ್‌ನಲ್ಲಿ ಕೋಲ್ಬೆಯವರನ್ನು ಪತ್ರಿಕೆಯೊಂದಿಗೆ ಗ್ರೋದ್ನೊ ಪಟ್ಟಣದ (ಇಂದಿನ ಬೆಲಾರೂಸ್) ಮಠಕ್ಕೆ ವರ್ಗಾಯಿಸಲಾಯಿತು. ಅಮೆರಿಕದಿಂದ ಬಂದಿದ್ದ ಫ್ರಾನ್ಸಿಸ್ಕನ್ ಗುರುವೊಬ್ಬರು ಕೊಟ್ಟ 100 ಡಾಲರ್‌ಗಳಿಂದ, ಕೈಯಿಂದ ತಿರುಗಿಸುವ ಹಳೆಯ ಮುದ್ರಣಯಂತ್ರವೊಂದನ್ನು ಕೊಳ್ಳಲಾಯಿತು.

ಅವರ ಬದುಕಿನ ಮುಖ್ಯ ಇಕ್ಕಟ್ಟು ಇಲ್ಲಿಯೇ ತಲೆದೋರಿತು. ಗ್ರೋದ್ನೊ ಮಠವು ಒಂದು ಧರ್ಮಕೇಂದ್ರವನ್ನು ನೋಡಿಕೊಳ್ಳುತ್ತಿದ್ದ ಸಾಮಾನ್ಯ ಮಠ. ಅಲ್ಲಿನ ಗುರುಗಳು ಬಲಿಪೂಜೆ ಅರ್ಪಿಸಬೇಕು, ಪಾಪನಿವೇದನೆ ಕೇಳಬೇಕು, ಸುತ್ತಲ ಹಳ್ಳಿಗಳಿಗೆ ಹೋಗಿ ಕಾಯಿಲೆಯವರನ್ನು ಕಾಣಬೇಕು. ಸಂಪಾದಕರೆಂಬ ಕಾರಣಕ್ಕೆ ಕೋಲ್ಬೆಯವರಿಗೆ ಈ ಕರ್ತವ್ಯಗಳಿಂದ ವಿನಾಯಿತಿ ಇರಲಿಲ್ಲ. ಅವರು ವಿನಾಯಿತಿಯನ್ನು ಹಕ್ಕೆಂದು ಕೇಳಲೂ ಇಲ್ಲ. ಹಗಲಿನಲ್ಲಿ ಗುರುವಿನ ಕೆಲಸ ಮುಗಿಸಿ, ರಾತ್ರಿಯ ಹೊತ್ತು ಧರ್ಮಸಹೋದರರೊಡನೆ ಅಚ್ಚುಮೊಳೆ ಜೋಡಿಸಿ ಯಂತ್ರದ ಚಕ್ರ ತಿರುಗಿಸುತ್ತಿದ್ದರು. ಪತ್ರಿಕೆ ಬೆಳೆದಂತೆ ಮಠದಲ್ಲಿ ಅಸಮಾಧಾನವೂ ಬೆಳೆಯಿತು. ಪ್ರಾರ್ಥನೆಯ ಮೌನಕ್ಕೆ ಯಂತ್ರದ ಸದ್ದು ಭಂಗವಾಗುತ್ತದೆ, ಸಂತ ಫ್ರಾನ್ಸಿಸರ ಬಡತನದ ನಿಯಮಕ್ಕೂ ಮುದ್ರಣೋದ್ಯಮಕ್ಕೂ ಹೊಂದಿಕೆಯಾಗದು ಎಂಬ ಆಕ್ಷೇಪಗಳು ಕೇಳಿಬಂದವು. ಇವು ಬರಿಯ ಹೊಟ್ಟೆಕಿಚ್ಚಿನ ಮಾತುಗಳಾಗಿರಲಿಲ್ಲ. ಸಾಲ ಮಾಡಿ ಯಂತ್ರ ಕೊಳ್ಳುವ ಸನ್ಯಾಸಿಯ ಬಗ್ಗೆ ಸಂಶಯ ಬರುವುದು ಆ ಕಾಲಕ್ಕೆ ಸಹಜವೇ ಆಗಿತ್ತು.

ಕೋಲ್ಬೆಯವರ ನಿಲುವು ಸ್ಪಷ್ಟವಾಗಿತ್ತು. ಸನ್ಯಾಸಿಯು ತೇಪೆ ಹಾಕಿದ ಬಟ್ಟೆ ಧರಿಸಿ, ಸಾಮಾನ್ಯ ಊಟ ಉಂಡು ಬದುಕಬೇಕು. ಆದರೆ ಅವನು ಬಳಸುವ ಯಂತ್ರ ಮಾತ್ರ ದೊರೆಯುವುದರಲ್ಲಿ ಅತ್ಯುತ್ತಮವಾಗಿರಬೇಕು ಎಂಬುದು ಅವರ ವಾದ. 1926ರಲ್ಲಿ ರೋಗ ಮರುಕಳಿಸಿ ಅವರು ಮತ್ತೆ ಜಕೊಪಾನೆಗೆ ಹೋಗಬೇಕಾದಾಗ, ಅದೇ ಸಭೆಗೆ ಸೇರಿದ್ದ ತಮ್ಮ ಅಲ್ಫೋನ್ಸ್ ಪತ್ರಿಕೆಯ ಹೊಣೆ ಹೊತ್ತರು. 1927ರ ವೇಳೆಗೆ ಪ್ರಸಾರ 60,000 ಪ್ರತಿಗಳನ್ನು ಮುಟ್ಟಿತ್ತು. ಗ್ರೋದ್ನೊ ಮಠದಲ್ಲಿ ಇನ್ನು ಜಾಗವಿರಲಿಲ್ಲ.

ನ್ಯೆಪೊಕಲಾನೂಫ್

ವಾರ್ಸಾ ಸಮೀಪದ ತೆರೆಸಿನ್ ಎಂಬಲ್ಲಿ ರಾಜಕುಮಾರ ಯಾನ್ ದ್ರುತ್ಸ್ಕಿ ಲುಬೆತ್ಸ್ಕಿ ನೀಡಿದ ಭೂಮಿಯಲ್ಲಿ 1927ರಲ್ಲಿ ಹೊಸ ಮಠ ತಲೆಯೆತ್ತಿತು. ಅದಕ್ಕೆ ಅಮಲೋದ್ಭವಿಯ ನಗರ ಎಂಬ ಅರ್ಥದ ನ್ಯೆಪೊಕಲಾನೂಫ್ ಎಂಬ ಹೆಸರಿಡಲಾಯಿತು. ಮರದ ಸಾಧಾರಣ ಶೆಡ್‌ಗಳೇ ಮೊದಲ ಕಟ್ಟಡಗಳು.

ಈ ಮಠದ ರಚನೆಯೇ ಗ್ರೋದ್ನೊದ ಇಕ್ಕಟ್ಟಿಗೆ ಕೋಲ್ಬೆಯವರು ಕಂಡುಕೊಂಡ ಪರಿಹಾರವಾಗಿತ್ತು. ಮುದ್ರಣವನ್ನು ಮಠಕ್ಕೆ ಅಂಟಿಸಿದ ಉಪಕಸುಬನ್ನಾಗಿ ಮಾಡದೆ, ಇಡೀ ಮಠದ ಧರ್ಮಸೇವೆಯೇ ಮುದ್ರಣವಾಗುವಂತೆ ಅವರು ರೂಪಿಸಿದರು. ಇಲ್ಲಿ ಗುರುಗಳ ಸಂಖ್ಯೆ ಕೆಲವೇ ಬೆರಳೆಣಿಕೆಯಷ್ಟು. ಬಹುಪಾಲು ಮಂದಿ ಗುರುದೀಕ್ಷೆಯಿಲ್ಲದ ಧರ್ಮಸಹೋದರರು. ರೈತರ ಮತ್ತು ಕುಶಲಕರ್ಮಿಗಳ ಮಕ್ಕಳಾದ ಅವರು ಅಚ್ಚುಮೊಳೆ ಜೋಡಿಸುವುದು, ಬೈಂಡಿಂಗ್, ಯಂತ್ರ ದುರಸ್ತಿ, ಬಡಗಿತನ, ಅಡುಗೆ, ಪಾದರಕ್ಷೆ ತಯಾರಿಕೆ ಎಲ್ಲವನ್ನೂ ತಾವೇ ಮಾಡುತ್ತಿದ್ದರು. ಮಠಕ್ಕೆ ಸ್ವಂತ ಅಗ್ನಿಶಾಮಕ ದಳವೂ ಇತ್ತು. ಓದುಗರಿಂದ ಬರುವ ರಾಶಿ ರಾಶಿ ಪತ್ರಗಳಿಗೆ ಉತ್ತರ ಬರೆಯಲೆಂದೇ ಒಂದು ವಿಭಾಗವಿತ್ತು. ಮದ್ಯಪಾನಿಯಾದ ಗಂಡ, ಕಾಯಿಲೆಬಿದ್ದ ಮಗು, ಕಳೆದುಹೋದ ನಂಬಿಕೆ ಇಂಥವುಗಳ ಬಗ್ಗೆ ಬರೆದವರಿಗೆ ಸಾಂತ್ವನ ಹೇಳುವುದನ್ನೂ ಧರ್ಮಕೇಂದ್ರದ ಗುರುವಿನ ಕೆಲಸದಷ್ಟೇ ಮುಖ್ಯವೆಂದು ಎಣಿಸಲಾಗಿತ್ತು. ಎರಡನೇ ಮಹಾಯುದ್ಧದ ಹೊಸ್ತಿಲಲ್ಲಿ ಇಲ್ಲಿ 700ಕ್ಕೂ ಹೆಚ್ಚು ಮಂದಿ ವಾಸವಾಗಿದ್ದು, ಇದು ಜಗತ್ತಿನ ಅತಿ ದೊಡ್ಡ ಕಥೋಲಿಕ ಸನ್ಯಾಸಿಮಠಗಳಲ್ಲಿ ಒಂದೆನಿಸಿತ್ತು.

ಜಪಾನ್ ಮತ್ತು ಭಾರತ

1930ರ ಫೆಬ್ರವರಿಯಲ್ಲಿ ಕೋಲ್ಬೆ ನಾಲ್ವರು ಸಹೋದರರೊಡನೆ ಪೂರ್ವದೇಶಗಳಿಗೆ ಹೊರಟರು. ಏಪ್ರಿಲ್ 24ರಂದು ನಾಗಾಸಾಕಿ ತಲುಪಿದಾಗ ಅವರಿಗೆ ಜಪಾನಿ ಭಾಷೆ ತಿಳಿದಿರಲಿಲ್ಲ. ಸ್ಥಳೀಯ ಧರ್ಮಾಧ್ಯಕ್ಷರಿಗೆ ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಸುವವರು ಬೇಕಾಗಿತ್ತು. ಆ ಕೆಲಸವನ್ನು ಒಪ್ಪಿಕೊಂಡ ಕೋಲ್ಬೆ ಅದಕ್ಕೆ ಪ್ರತಿಯಾಗಿ ಪತ್ರಿಕೆಗೆ ಅನುಮತಿ ಪಡೆದರು. ಅವರ ಬರಹಗಳನ್ನು ಇತರರು ಜಪಾನಿಗೆ ಅನುವಾದಿಸಿದರು. ಬಂದಿಳಿದ ಒಂದೇ ತಿಂಗಳಲ್ಲಿ ಸೇಬೊ ನೊ ಕಿಶಿ ಪತ್ರಿಕೆಯ 10,000 ಪ್ರತಿಗಳು ಅಚ್ಚಾದವು.

1931ರಲ್ಲಿ ನಗರದಿಂದ ಮರೆಯಾಗಿದ್ದ ಬೆಟ್ಟದ ಇಳಿಜಾರಿನಲ್ಲಿ ಮುಗೆನ್ಝಾಯ್ ನೊ ಸೊನೊ ಎಂಬ ಮಠವನ್ನು ಅವರು ಕಟ್ಟಿದರು. 1945ರ ಆಗಸ್ಟ್ 9ರಂದು ಅಣುಬಾಂಬು ಬಿದ್ದಾಗ ಈ ಬೆಟ್ಟವೇ ಅಡ್ಡಲಾಗಿ ನಿಂತು ಮಠ ಉಳಿಯಿತು. ಅಲ್ಲಿನ ಸಹೋದರರು ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟರು. ಕೋಲ್ಬೆಯವರೊಡನೆ ಬಂದಿದ್ದ ಸಹೋದರ ಝೆನೊ ಯುದ್ಧಾನಂತರದ ಜಪಾನಿನಲ್ಲಿ ಬಡವರ ಸೇವೆಗಾಗಿ ಹೆಸರಾದರು.

1932ರಲ್ಲಿ ಕೋಲ್ಬೆ ಭಾರತದ ಮಲಬಾರ್ ಕರಾವಳಿಗೂ ಬಂದಿದ್ದರು. ಎರ್ನಾಕುಲಂನಲ್ಲಿ ಧರ್ಮಸಭೆಯ ಅಧಿಕಾರಿಗಳನ್ನು ಕಂಡು ಇಲ್ಲಿಯೂ ಒಂದು ಮುದ್ರಣಮಠ ಸ್ಥಾಪಿಸುವ ಮಾತುಕತೆ ನಡೆಸಿದರು. ಆದರೆ ಕಳುಹಿಸಲು ಸಾಕಷ್ಟು ಸನ್ಯಾಸಿಗಳಿರಲಿಲ್ಲವಾದ್ದರಿಂದ ಯೋಜನೆ ಕೈಗೂಡಲಿಲ್ಲ.

ದಿನಪತ್ರಿಕೆ ಮತ್ತು ರೇಡಿಯೊ

ಕೋಲ್ಬೆ ಜಪಾನಿನಲ್ಲಿದ್ದಾಗಲೇ, 1935ರಲ್ಲಿ, ನ್ಯೆಪೊಕಲಾನೂಫ್‌ನಿಂದ ಮಾವಿ ಜ್ಯೆನ್ನಿಕ್ (ಕಿರುದಿನಪತ್ರಿಕೆ) ಎಂಬ ಅಗ್ಗದ ಬೆಲೆಯ ದಿನಪತ್ರಿಕೆ ಆರಂಭವಾಯಿತು. 1936ರಲ್ಲಿ ಅವರು ಪೋಲೆಂಡ್‌ಗೆ ಮರಳಿ ಮಠದ ಮುಖ್ಯಸ್ಥರಾದರು. ದಿನಪತ್ರಿಕೆಯ ಪ್ರಸಾರ ವಾರದ ದಿನಗಳಲ್ಲಿ 1,37,000, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ 2,25,000 ಪ್ರತಿಗಳವರೆಗೆ ಏರಿತು. ಮಾಸಪತ್ರಿಕೆ ಏಳೂವರೆ ಲಕ್ಷ ದಾಟಿ, ವಿಶೇಷ ಸಂಚಿಕೆಗಳಲ್ಲಿ ಹತ್ತು ಲಕ್ಷದ ಸನಿಹಕ್ಕೆ ಹೋಯಿತು.

1938ರ ಡಿಸೆಂಬರ್ 8ರಂದು ಮಠದ ರೇಡಿಯೊ ಕೇಂದ್ರದಿಂದ ಮೊದಲ ಪ್ರಸಾರವಾಯಿತು. ಎಸ್‌ಪಿ3ಆರ್‌ಎನ್ ಎಂಬುದು ಅದರ ಸಂಕೇತನಾಮ. ಯುದ್ಧ ಬಂದುದರಿಂದ ಅದರ ಆಯುಸ್ಸು ಒಂದು ವರ್ಷವನ್ನೂ ಕಾಣಲಿಲ್ಲ. ಇಷ್ಟೆಲ್ಲ ವಿಸ್ತರಣೆಯ ನಡುವೆಯೂ ಕೋಲ್ಬೆ ತಮ್ಮ ಹೆಚ್ಚಿನ ಹೊತ್ತನ್ನು ಕಚೇರಿಯಲ್ಲಿ ಕಳೆಯುತ್ತಿರಲಿಲ್ಲ. ಸಹೋದರರಿಗೆ ಉಪದೇಶ ನೀಡುವುದು, ಒಬ್ಬೊಬ್ಬರನ್ನೂ ಕಂಡು ಮಾತನಾಡಿಸುವುದು, ಚಿಕಿತ್ಸಾಲಯದಲ್ಲಿ ಮಲಗಿದವರನ್ನು ವಿಚಾರಿಸುವುದು ಅವರ ದಿನಚರಿಯಾಗಿತ್ತು. ಮಠದಲ್ಲಿ ಕಾಯಿಲೆಯವರ ವಿಭಾಗವೇ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವ ವಿಭಾಗವೆಂದು ಅವರು ಭಾವಿಸಿದ್ದರು.

ಟೀಕೆಗಳು

ನ್ಯೆಪೊಕಲಾನೂಫ್‌ನ ಪತ್ರಿಕೆಗಳು, ವಿಶೇಷವಾಗಿ ಮಾವಿ ಜ್ಯೆನ್ನಿಕ್, ಯಹೂದಿ ವಿರೋಧಿ ಬರಹಗಳನ್ನು ಪ್ರಕಟಿಸಿದವು. ಕೋಲ್ಬೆಯವರ ಸ್ವಂತ ಲೇಖನಗಳಲ್ಲಿಯೂ ಫ್ರೀಮೇಸನ್ನರ ಮತ್ತು ಯಹೂದಿಗಳ ಪಿತೂರಿಯ ಕುರಿತ ಮಾತುಗಳು ಬರುತ್ತವೆ. ಖೊಟ್ಟಿಯೆಂದು ಸಿದ್ಧವಾಗಿದ್ದ ಜಿಯಾನಿನ ಹಿರಿಯರ ಒಡಂಬಡಿಕೆ ಎಂಬ ಕೃತಿಯನ್ನು ಅವರು ನಿಜವೆಂದು ನಂಬಿದ್ದರು. ಅವರ ಒಟ್ಟು ಬರಹದಲ್ಲಿ ಇಂಥ ಭಾಗಗಳು ಅಲ್ಪವೆಂದೂ, ದ್ವೇಷವನ್ನು ಅವರು ಬೋಧಿಸಲಿಲ್ಲವೆಂದೂ ಸಮರ್ಥಕರು ಹೇಳುತ್ತಾರೆ. ಆದರೆ ಲಕ್ಷಾಂತರ ಬಡ ಓದುಗರ ಕೈಗೆ ಅಗ್ಗದ ಬೆಲೆಗೆ ತಲುಪುತ್ತಿದ್ದ ಪತ್ರಿಕೆಯ ಪ್ರಭಾವವನ್ನು ಪುಟಗಳ ಲೆಕ್ಕದಿಂದ ಅಳೆಯುವುದು ಕಷ್ಟ. ಅವರ ಜೀವನದ ಈ ಭಾಗವು ಇಂದಿಗೂ ಚರ್ಚೆಯಲ್ಲಿದೆ.

ಯುದ್ಧ ಮತ್ತು ಬಂಧನ

1939ರ ಸೆಪ್ಟೆಂಬರ್ 19ರಂದು ಜರ್ಮನ್ನರು ಕೋಲ್ಬೆ ಮತ್ತು ಮಠದಲ್ಲಿ ಉಳಿದಿದ್ದ ಸಹೋದರರನ್ನು ಬಂಧಿಸಿದರು. ಡಿಸೆಂಬರ್ 8ರಂದು ಬಿಡುಗಡೆಯಾಯಿತು. ಮರಳಿ ಬಂದಾಗ ಯಂತ್ರಗಳಿಗೆ ಬೀಗ ಬಿದ್ದಿತ್ತು. ಮಠವು ನಿರಾಶ್ರಿತರ ನೆಲೆಯಾಯಿತು. ಪೋಜ್ನಾನ್ ಪ್ರದೇಶದಿಂದ ಹೊರದೂಡಲ್ಪಟ್ಟ ಸಾವಿರಾರು ಮಂದಿಗೆ ಅಲ್ಲಿ ಊಟ, ವಸತಿ, ಔಷಧಗಳು ದೊರೆತವು. ಅವರಲ್ಲಿ ಯಹೂದಿಗಳೂ ಬಹಳ ಮಂದಿ ಇದ್ದರು. ಮುದ್ರಕರಾಗಿದ್ದ ಸಹೋದರರು ಈಗ ಅಡುಗೆಯವರು, ದಾದಿಯರು, ಗಡಿಯಾರ ಮತ್ತು ಸೈಕಲ್ ರಿಪೇರಿಯವರಾದರು. ಜರ್ಮನ್ ಮೂಲದವರೆಂದು ಹೆಸರು ನೋಂದಾಯಿಸಿದ್ದರೆ ಕೋಲ್ಬೆಯವರಿಗೆ ರಕ್ಷಣೆ ದೊರೆಯುತ್ತಿತ್ತು, ಅವರು ನಿರಾಕರಿಸಿದರು.

ಪತ್ರಿಕೆಗೆ ಒಂದೇ ಒಂದು ಸಂಚಿಕೆಯ ಅನುಮತಿ ಸಿಕ್ಕಿತು. 1940ರ ಡಿಸೆಂಬರ್ ಮತ್ತು 1941ರ ಜನವರಿಯ ಜಂಟಿ ಸಂಚಿಕೆ 1,20,000 ಪ್ರತಿಗಳಲ್ಲಿ ಹೊರಬಂದಿತು. 1941ರ ಫೆಬ್ರವರಿ 17ರಂದು ಗೆಸ್ಟಾಪೊ ಅವರನ್ನು ಮತ್ತೆ ಬಂಧಿಸಿ ವಾರ್ಸಾದ ಪಾವ್ಯಾಕ್ ಸೆರೆಮನೆಗೆ ಒಯ್ದಿತು.

ಆಶ್‌ವಿಟ್ಜ್

ಮೇ 28ರಂದು ಅವರನ್ನು ಆಶ್‌ವಿಟ್ಜ್‌ಗೆ ಸಾಗಿಸಲಾಯಿತು. ಅಲ್ಲಿ ಅವರು 16670ನೇ ಸಂಖ್ಯೆಯ ಕೈದಿ. ಮರದ ದಿಮ್ಮಿ ಹೊರುವ ಕೆಲಸದಲ್ಲಿ ಹೊಡೆತ ತಿಂದು ಪ್ರಜ್ಞೆ ತಪ್ಪಿದ್ದೂ ಉಂಟು. ಅಚ್ಚುಕೂಟವಾಗಲಿ ಓದುಗರಾಗಲಿ ಇಲ್ಲದ ಅಲ್ಲಿ ಅವರಿಗೆ ಉಳಿದಿದ್ದುದು ಗುರುವಿನ ನಿತ್ಯದ ಕೆಲಸವೊಂದೇ. ಕಾವಲುಗಾರರ ಕಣ್ಣು ತಪ್ಪಿಸಿ ಅವರು ಪಾಪನಿವೇದನೆ ಕೇಳುತ್ತಿದ್ದರು, ತಮ್ಮ ಪಾಲಿನ ರೊಟ್ಟಿಯನ್ನು ಹಂಚುತ್ತಿದ್ದರು. ಜೂನ್ 15ರಂದು ತಾಯಿಗೆ ಬರೆದ ಕೊನೆಯ ಪತ್ರದಲ್ಲಿ ತಮ್ಮ ಬಗ್ಗೆ ಚಿಂತಿಸಬಾರದೆಂದು ತಿಳಿಸಿದ್ದರು.

ಜುಲೈ ಕೊನೆಯಲ್ಲಿ ಅವರ ಬ್ಲಾಕಿನಿಂದ ಒಬ್ಬ ಕೈದಿ ಕಾಣೆಯಾದ. ಅದಕ್ಕೆ ಶಿಕ್ಷೆಯಾಗಿ ಶಿಬಿರದ ಉಪಾಧಿಕಾರಿ ಕಾರ್ಲ್ ಫ್ರಿಟ್ಶ್ ಹತ್ತು ಮಂದಿಯನ್ನು ಉಪವಾಸದಿಂದ ಸಾಯಿಸಲು ಆರಿಸಿದ. ಆಯ್ಕೆಯಾದವರಲ್ಲಿ ಒಬ್ಬನಾದ ಪೋಲಿಷ್ ಸೈನಿಕ ಫ್ರಾಂಚಿಷೆಕ್ ಗಯೋವ್ನಿಚೆಕ್ ಹೆಂಡತಿ ಮಕ್ಕಳನ್ನು ನೆನೆದು ಅತ್ತನು. ಕೋಲ್ಬೆ ಸಾಲಿನಿಂದ ಮುಂದೆ ಬಂದು, ತಾವು ಕಥೋಲಿಕ ಗುರುವೆಂದು ತಿಳಿಸಿ, ಆ ಸ್ಥಾನಕ್ಕೆ ತಮ್ಮನ್ನು ತೆಗೆದುಕೊಳ್ಳುವಂತೆ ಕೋರಿದರು. ಕೈದಿಯೊಬ್ಬ ಸಾಲು ಬಿಟ್ಟು ಬಂದು ಮಾತನಾಡಿದರೆ ಗುಂಡಿಕ್ಕುವುದೇ ರೂಢಿಯಾಗಿದ್ದ ಆ ಸ್ಥಳದಲ್ಲಿ ಅಧಿಕಾರಿಯು ಈ ಕೋರಿಕೆಯನ್ನು ಒಪ್ಪಿಕೊಂಡ.

ಹತ್ತು ಮಂದಿಯನ್ನು 11ನೇ ಬ್ಲಾಕಿನ ನೆಲಮಾಳಿಗೆಯಲ್ಲಿ ಅನ್ನನೀರಿಲ್ಲದೆ ಕೂಡಿಹಾಕಲಾಯಿತು. ಅಲ್ಲಿ ದುಭಾಷಿಯಾಗಿದ್ದ ಕೈದಿ ಬ್ರೂನೊ ಬೊರ್ಗೊವ್ಯೆತ್ಸ್ ನಂತರ ನೀಡಿದ ಸಾಕ್ಷ್ಯದಂತೆ, ಕೋಲ್ಬೆ ಉಳಿದವರಿಂದ ಪ್ರಾರ್ಥನೆ ಹೇಳಿಸುತ್ತ, ಹಾಡಿಸುತ್ತ ಒಬ್ಬೊಬ್ಬರನ್ನೂ ಮರಣಕ್ಕೆ ಸಿದ್ಧಗೊಳಿಸಿದರು. ಎರಡು ವಾರಗಳ ನಂತರ ನಾಲ್ವರು ಮಾತ್ರ ಬದುಕಿದ್ದರು. ಆಗಸ್ಟ್ 14ರಂದು ವಿಷದ ಚುಚ್ಚುಮದ್ದು ನೀಡಿ ಅವರನ್ನು ಕೊಲ್ಲಲಾಯಿತು. ಮರುದಿನ, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದಂದು, ಕೋಲ್ಬೆಯವರ ದೇಹವನ್ನು ಸುಡಲಾಯಿತು. ಅವರಿಗೆ ಆಗ 47 ವರ್ಷ.

ಗಯೋವ್ನಿಚೆಕ್ ಸೆರೆಯಿಂದ ಬದುಕಿ ಬಂದು ಹೆಂಡತಿಯನ್ನು ಸೇರಿದನು. ಆದರೆ ಅವನ ಗಂಡುಮಕ್ಕಳಿಬ್ಬರೂ 1945ರ ಬಾಂಬು ದಾಳಿಯಲ್ಲಿ ಅಸುನೀಗಿದ್ದರು.

ಸಂತ ಪದವಿ

1971ರ ಅಕ್ಟೋಬರ್ 17ರಂದು ಪೋಪ್ ಆರನೇ ಪೌಲರು ಕೋಲ್ಬೆಯವರಿಗೆ ಪುನೀತ ಪದವಿಯನ್ನು ನೀಡಿದರು. 1982ರ ಅಕ್ಟೋಬರ್ 10ರಂದು ಪೋಪ್ ಎರಡನೇ ಜಾನ್ ಪೌಲರು ಸಂತರೆಂದು ಘೋಷಿಸಿದಾಗ ಗಯೋವ್ನಿಚೆಕ್ ಸಮಾರಂಭದಲ್ಲಿ ಹಾಜರಿದ್ದನು. ಅವರನ್ನು ರಕ್ತಸಾಕ್ಷಿ ಎನ್ನಬಹುದೇ ಎಂಬ ಪ್ರಶ್ನೆ ಆಗ ಎದ್ದಿತ್ತು. ವಿಶ್ವಾಸದ ಮೇಲಿನ ದ್ವೇಷದಿಂದ ಕೊಲ್ಲಲ್ಪಟ್ಟವರನ್ನು ಮಾತ್ರ ಹಾಗೆ ಕರೆಯುವುದು ಧರ್ಮಸಭೆಯ ಸಂಪ್ರದಾಯ. ಕೋಲ್ಬೆಯಾದರೋ ಮತ್ತೊಬ್ಬನ ಬದಲಿಗೆ ತಾವಾಗಿಯೇ ಮುಂದೆ ಬಂದವರು. ವಿಚಾರಣಾ ಸಮಿತಿಯ ಅಭಿಪ್ರಾಯ ಭಿನ್ನವಾಗಿದ್ದರೂ ಪೋಪರು ಅವರನ್ನು ರಕ್ತಸಾಕ್ಷಿಯೆಂದೇ ಘೋಷಿಸಿದರು.

ಆಗಸ್ಟ್ 14 ಅವರ ಹಬ್ಬದ ದಿನ. ಕೈದಿಗಳು, ಪತ್ರಕರ್ತರು ಹಾಗೂ ಹವ್ಯಾಸಿ ರೇಡಿಯೊ ಬಳಕೆದಾರರು ಅವರನ್ನು ಪಾಲಕ ಸಂತರೆಂದು ಭಾವಿಸುತ್ತಾರೆ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯ ಪಶ್ಚಿಮ ದ್ವಾರದ ಮೇಲೆ 1998ರಲ್ಲಿ ಸ್ಥಾಪಿಸಲಾದ 20ನೇ ಶತಮಾನದ ಹತ್ತು ರಕ್ತಸಾಕ್ಷಿಗಳ ಶಿಲ್ಪಗಳಲ್ಲಿ ಅವರದೂ ಒಂದು. ಜಪಾನಿನ ಕಾದಂಬರಿಕಾರ ಎಂಡೊ ಶೂಸಾಕು ತಮ್ಮ ಕಾದಂಬರಿಯೊಂದರಲ್ಲಿ ಕೋಲ್ಬೆಯವರನ್ನು ಪಾತ್ರವಾಗಿ ಚಿತ್ರಿಸಿದ್ದಾರೆ. ರಿತ್ಸೆಷ್ ನ್ಯೆಪೊಕಲಾನೆಯ್ ಮಾಸಪತ್ರಿಕೆಯು ನ್ಯೆಪೊಕಲಾನೂಫ್‌ನಿಂದ ಈಗಲೂ ಪ್ರಕಟವಾಗುತ್ತಿದೆ.