ಊರು ಬಿಟ್ಟು ಬಂದ ಮಕ್ಕಳಿಗೆ ಆಶ್ರಯವಾದ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು

ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಇಳಿದು ಮೆಜೆಸ್ಟಿಕ್ ಕಡೆಗೆ ನಡೆಯುವ ಸಹಸ್ರಾರು ಜನರು ನಿತ್ಯವೂ ಗುಬ್ಬಿ ತೋಟದಪ್ಪ ರಸ್ತೆಯನ್ನು ಹಾದುಹೋಗುತ್ತಾರೆ. ತೋಟದಪ್ಪನವರ ಛತ್ರವೆಂದರೆ ನಾಡಿನ ಹಳೆಯ ತಲೆಮಾರಿನವರಿಗೆ ಪರಿಚಯ ಹೇಳಬೇಕಾಗಿಲ್ಲ. ಆದರೆ ಆ ಹೆಸರಿನ ಹಿಂದಿರುವ ಪುಣ್ಯಪುರುಷರ ಬದುಕನ್ನು ಬಲ್ಲವರು ಇಂದು ವಿರಳರಾಗುತ್ತಿದ್ದಾರೆ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬ ಶರಣರ ತತ್ತ್ವವನ್ನು ನಗರದ ನಟ್ಟನಡುವೆ ಆಚರಣೆಗೆ ತಂದ ಅವರನ್ನು ಭಕ್ತರಾದ ನಾವೆಲ್ಲರೂ ಸ್ಮರಿಸುವುದು ಕರ್ತವ್ಯವೆಂದು ಭಾವಿಸುತ್ತೇವೆ.

ತೋಟದಪ್ಪನವರು 1838ರಲ್ಲಿ ತುಮಕೂರು ಸೀಮೆಯ ಗುಬ್ಬಿಯಲ್ಲಿ, ಲಿಂಗಾಯತ ಮನೆತನದಲ್ಲಿ ಜನಿಸಿದರು. ವ್ಯಾಪಾರವೇ ಕುಲಕಸುಬಾಗಿದ್ದ ಆ ಕುಟುಂಬವು ಗುಬ್ಬಿಯನ್ನು ಬಿಟ್ಟು ಬೆಂಗಳೂರಿಗೆ ಬಂದು ನೆಲೆಸಿತು. ಹಳೆಯ ಪೇಟೆಯ ಮಾಮೂಲುಪೇಟೆಯಲ್ಲಿ ತೋಟದಪ್ಪನವರ ಅಂಗಡಿಯಿತ್ತು. ಊರು ಬಿಟ್ಟು ನಗರಕ್ಕೆ ಬಂದವರಿಗೆ ಮೊದಲ ದಿನಗಳಲ್ಲಿ ಒದಗುವ ಕಷ್ಟವು ಅಂತಹ ಮನೆತನಕ್ಕೆ ಹೊಸದಾಗಿರಲಾರದು. ವ್ಯಾಪಾರದಲ್ಲಿ ದುಡಿದು ಅವರು ಸಾಕಷ್ಟು ಸಂಪತ್ತನ್ನು ಗಳಿಸಿದರು. ಆದರೆ ಆ ಸಂಪತ್ತಿಗೆ ವಾರಸುದಾರರಾಗುವ ಮಕ್ಕಳು ಅವರಿಗಿರಲಿಲ್ಲ. ಸಂತಾನವಿಲ್ಲದವರು ದತ್ತು ಸ್ವೀಕರಿಸಿ ಮನೆತನದ ಹೆಸರನ್ನು ಉಳಿಸಿಕೊಳ್ಳುವುದು ಆ ಕಾಲದ ರೂಢಿಯಾಗಿತ್ತು. ತೋಟದಪ್ಪನವರಾದರೋ ತಮ್ಮ ಆಸ್ತಿಯನ್ನು ಸಾರ್ವಜನಿಕರ ಉಪಯೋಗಕ್ಕೆ ಸಮರ್ಪಿಸುವ ನಿರ್ಧಾರ ಮಾಡಿದರು.

ಆ ನಿರ್ಧಾರದ ಮಹತ್ತ್ವವನ್ನು ಅರಿಯಬೇಕಾದರೆ ಅಂದಿನ ಬೆಂಗಳೂರನ್ನು ನೆನಪಿಗೆ ತಂದುಕೊಳ್ಳಬೇಕು. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ದಂಡು ಪ್ರದೇಶಕ್ಕೆ ರೈಲು ಬಂದಿತ್ತು. ಅನಂತರದ ವರ್ಷಗಳಲ್ಲಿ ರೈಲುಮಾರ್ಗವು ಪೇಟೆಯ ಅಂಚಿಗೂ, ಅಲ್ಲಿಂದ ಮೈಸೂರಿನ ಕಡೆಗೂ ಹಬ್ಬಿತು. ಸೆಂಟ್ರಲ್ ಕಾಲೇಜಿನಂತಹ ವಿದ್ಯಾಸಂಸ್ಥೆಗಳು ನಗರದಲ್ಲಿ ಬೆಳೆದಿದ್ದವು. ಹಳ್ಳಿಯ ಹುಡುಗನೊಬ್ಬನು ಮೇಲಿನ ವಿದ್ಯೆಯನ್ನು ಪಡೆಯಬೇಕಾದರೆ ನಗರಕ್ಕೆ ಬರುವುದಲ್ಲದೆ ಬೇರೆ ದಾರಿಯಿರಲಿಲ್ಲ. ಬಂದವನಿಗೆ ಕಾಲೇಜಿನ ಬಾಗಿಲು ತೆರೆದಿದ್ದರೂ ಊಟಕ್ಕೆ ಯಾರ ಮನೆ, ರಾತ್ರಿ ಮಲಗಲು ಯಾವ ಜಗುಲಿ, ಓದಲು ಯಾರ ದೀಪ ಎಂಬ ಪ್ರಶ್ನೆಗಳು ಎದುರಾಗುತ್ತಿದ್ದವು. ದಿನಕ್ಕೊಂದು ಮನೆಯಲ್ಲಿ ವಾರಾನ್ನ ಉಂಡು ಓದುವುದು ಬಡ ವಿದ್ಯಾರ್ಥಿಗಳ ಪಾಡಾಗಿತ್ತು. ಅನ್ನ ನೀಡುವ ಮನೆಗಳು ಸಿಗದಿದ್ದರೆ ಬುದ್ಧಿವಂತ ಮಗುವೂ ಪುಸ್ತಕವನ್ನು ಮಡಿಚಿಟ್ಟು ಊರಿಗೆ ಮರಳಬೇಕಾಗುತ್ತಿತ್ತು. ಜಾಣ್ಮೆಯ ಕೊರತೆಯಿಂದಲ್ಲ, ಒಂದು ಹೊತ್ತಿನ ಪ್ರಸಾದದ ಕೊರತೆಯಿಂದ ವಿದ್ಯೆಯು ನಿಂತುಹೋಗುತ್ತಿತ್ತೆಂಬುದನ್ನು ನಾವು ಗಮನಿಸಬೇಕು.

ತೋಟದಪ್ಪನವರು 1897ರಲ್ಲಿ ರೈಲು ನಿಲ್ದಾಣದ ಸಮೀಪದಲ್ಲಿ ರೈಲ್ವೆಯವರಿಂದಲೇ 10,000 ರೂಪಾಯಿಗಳಿಗೆ ನಿವೇಶನವನ್ನು ಕೊಂಡರು. ಅಂದಿನ ದಿನಗಳಲ್ಲಿ ಅದು ಅತಿ ದೊಡ್ಡ ಮೊತ್ತ. ಇದಕ್ಕಿಂತ ಕಡಿಮೆ ಬೆಲೆಗೆ ನಗರದ ಹೊರವಲಯದಲ್ಲಿ ಎಷ್ಟೋ ವಿಶಾಲವಾದ ಭೂಮಿ ದೊರೆಯುತ್ತಿತ್ತು. ಆದರೆ ಪರಸ್ಥಳದಿಂದ ಬಂದವನು ಗಂಟುಮೂಟೆಯೊಡನೆ ಇಳಿದ ಕೂಡಲೇ ಕಣ್ಣಿಗೆ ಬೀಳುವ ಸ್ಥಳದಲ್ಲಿ ಆಶ್ರಯವಿದ್ದರೆ ಮಾತ್ರ ಅದು ಅವನಿಗೆ ದಕ್ಕುತ್ತದೆ. ದಾನಿಗೆ ಅನುಕೂಲವಾದ ಸ್ಥಳಕ್ಕಿಂತ ಬೇಡಿ ಬಂದವನಿಗೆ ಅನುಕೂಲವಾದ ಸ್ಥಳವು ಮುಖ್ಯವೆಂಬ ವಿವೇಕವನ್ನು ನಾವು ಈ ಆಯ್ಕೆಯಲ್ಲಿ ಕಾಣುತ್ತೇವೆ.

ಮರುವರ್ಷವೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಮಹಾಮಾರಿ ಬಂದೆರಗಿತು. ಕಿಕ್ಕಿರಿದ ಪೇಟೆಯ ಬೀದಿಗಳಲ್ಲಿ ಸಾವು ಸುಳಿದಾಡಿತು. ಜನರು ಮನೆಮಠಗಳನ್ನು ತೊರೆದು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಅಂತಹ ವಿಷಮ ಕಾಲವನ್ನು ದಾಟಿಯೂ ತೋಟದಪ್ಪನವರ ಸಂಕಲ್ಪವು ಕೈಗೂಡಿತು. 1903ರ ಫೆಬ್ರವರಿ 11ರಂದು ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಧರ್ಮಛತ್ರವನ್ನು ಉದ್ಘಾಟಿಸಿದರು. ಯುವಕ ಮಹಾರಾಜರು ರಾಜ್ಯಾಧಿಕಾರವನ್ನು ವಹಿಸಿಕೊಂಡು ಆಗ ಆರು ತಿಂಗಳಷ್ಟೇ ಕಳೆದಿದ್ದವು.

ಈ ಧರ್ಮಕಾರ್ಯಕ್ಕೆ ಎರಡು ಅಂಗಗಳಿದ್ದವು. ಒಂದು, ಪ್ರಯಾಣಿಕರು ತಂಗುವ ಛತ್ರ. ಅದು ಸರ್ವಮತೀಯರಿಗೂ ತೆರೆದಿತ್ತು. ಇನ್ನೊಂದು, ಉಚಿತ ವಿದ್ಯಾರ್ಥಿನಿಲಯ. ಅದನ್ನು ವೀರಶೈವ ಲಿಂಗಾಯತ ವಿದ್ಯಾರ್ಥಿಗಳಿಗಾಗಿ ಮೀಸಲಿಡಲಾಗಿತ್ತು. ಛತ್ರವು ಕೆಲವು ದಿನಗಳ ಆಶ್ರಯವಾದರೆ, ವಿದ್ಯಾರ್ಥಿನಿಲಯವು ವರ್ಷಾನುವರ್ಷದ ಪೋಷಣೆ. ಒಂದು ಹೊತ್ತಿನ ಅನ್ನ ಹಸಿವನ್ನು ನೀಗುತ್ತದೆ. ಅಕ್ಷರ ಕಲಿತು ಮುಗಿಯುವವರೆಗೆ ತಪ್ಪದೆ ದೊರೆತ ಅನ್ನವು ಇಡೀ ಮನೆತನದ ದಾರಿದ್ರ್ಯವನ್ನು ನೀಗಬಲ್ಲದು.

ತೋಟದಪ್ಪನವರ ಬದುಕಿನಲ್ಲಿ ನಮಗೆ ಇನ್ನೂ ಹಿರಿದಾಗಿ ತೋರುವ ಸಂಗತಿಯೊಂದಿದೆ. ತಮ್ಮ ಕೊನೆಯ ವರ್ಷಗಳಲ್ಲಿ ಅವರು ಈ ಧರ್ಮಸಂಸ್ಥೆಯನ್ನು ಸರ್ಕಾರದ ವಶಕ್ಕೆ ಒಪ್ಪಿಸಿದರು. ಮೈಸೂರು ಸಂಸ್ಥಾನದ ದಕ್ಷ ಅಧಿಕಾರಿಗಳಾಗಿದ್ದ ಕೆ. ಪಿ. ಪುಟ್ಟಣ್ಣಚೆಟ್ಟಿಯವರು ಅದರ ಮೊದಲ ಅಧ್ಯಕ್ಷರಾದರು. ಬೆಂಗಳೂರಿನ ಪುರಭವನವು ಇಂದು ಇವರ ಹೆಸರನ್ನೇ ಹೊತ್ತಿದೆ. ಹಣವನ್ನು ಕೊಡುವುದು ಕಷ್ಟ. ಕೊಟ್ಟ ಹಣದ ಮೇಲಿನ ಹಿಡಿತವನ್ನು ಬಿಡುವುದು ಅದಕ್ಕಿಂತ ಕಷ್ಟ. ಕೊಡುವವನು ನಾನೆಂಬ ಭಾವ ಉಳಿದಿರುವವರೆಗೆ ಅದು ದಾನ. ಆ ಭಾವವೂ ಅಳಿದಾಗ ಅದು ದಾಸೋಹವಾಗುತ್ತದೆಂದು ಶರಣರು ನಮಗೆ ಕಲಿಸಿದ್ದಾರೆ. ಒಡೆತನವನ್ನು ಕೈಬಿಟ್ಟುದರಿಂದಲೇ ಅವರ ಕಾರ್ಯವು ಅವರ ಆಯುಸ್ಸಿಗಿಂತ ದೀರ್ಘವಾಗಿ ಬಾಳಿತು. ಮಹಾರಾಜರು 1905ರಲ್ಲಿ ಅವರಿಗೆ ಧರ್ಮಪ್ರವರ್ತ ಎಂಬ ಬಿರುದನ್ನಿತ್ತರು. 1910ರಲ್ಲಿ ಬ್ರಿಟಿಷ್ ಸರ್ಕಾರದಿಂದ ರಾವ್ ಬಹದ್ದೂರ್ ಪದವಿಯು ಬಂದಿತು. ಅದೇ ವರ್ಷದ ಫೆಬ್ರವರಿ 21ರಂದು ಅವರು ಲಿಂಗೈಕ್ಯರಾದರು.

ಅವರು ನೆಟ್ಟ ಮರದ ಫಲವು ಮುಂದಿನ ತಲೆಮಾರಿಗೆ ದೊರೆಯಿತು. 1927ರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದ ಶಿವಣ್ಣನೆಂಬ ತರುಣನು ಸೆಂಟ್ರಲ್ ಕಾಲೇಜಿನಲ್ಲಿ ಓದಲು ಬೆಂಗಳೂರಿಗೆ ಬಂದನು. ಅವನಿಗೆ ಆಶ್ರಯ ನೀಡಿದುದು ತೋಟದಪ್ಪನವರ ವಿದ್ಯಾರ್ಥಿನಿಲಯ. 1930ರಲ್ಲಿ ಆ ತರುಣನು ಸಿದ್ಧಗಂಗಾ ಕ್ಷೇತ್ರದ ಉತ್ತರಾಧಿಕಾರಿಯಾಗಿ ಶ್ರೀ ಶಿವಕುಮಾರ ಸ್ವಾಮಿಗಳಾದರು. ತಾವು ಪರರ ಅನ್ನವನ್ನುಂಡು ಓದಿದ ಆ ಪೂಜ್ಯರು ಮುಂದೆ ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿ ತ್ರಿವಿಧ ದಾಸೋಹಿಗಳೆನಿಸಿದರು. ಸಂತಾನವಿಲ್ಲದ ವರ್ತಕರೊಬ್ಬರ ದುಡಿಮೆಯು ಎಲ್ಲಿಗೆ ತಲುಪಿತೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನವು ಬೇಕಾಗಿಲ್ಲ.

ಇಲ್ಲಿ ನಾವು ಒಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಛತ್ರದ ಬಾಗಿಲು ಎಲ್ಲರಿಗೂ ತೆರೆದಿದ್ದರೂ ವಿದ್ಯಾರ್ಥಿನಿಲಯದ ಬಾಗಿಲು ಒಂದು ಸಮುದಾಯಕ್ಕಷ್ಟೇ ತೆರೆದಿತ್ತು. ಆಯಾ ಸಮುದಾಯವು ತನ್ನ ಮಕ್ಕಳ ವಿದ್ಯೆಯ ಹೊಣೆಯನ್ನು ತಾನೇ ಹೊರುತ್ತಿದ್ದ ಕಾಲವದು. 1906ರಲ್ಲಿ ಒಕ್ಕಲಿಗರ ಸಂಘವು ಬೆಂಗಳೂರಿನಲ್ಲಿ ಹುಟ್ಟಿದುದೂ ಅದೇ ಕಾಲದಲ್ಲಿ. ಆದರೆ ಆ ನಿಲಯದಲ್ಲಿ ಬೆಳೆದ ಶಿವಕುಮಾರ ಸ್ವಾಮಿಗಳು ಸಿದ್ಧಗಂಗೆಯಲ್ಲಿ ಜಾತಿಮತಗಳನ್ನು ಕೇಳದೆ ಎಲ್ಲ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಪ್ರಸಾದವನ್ನು ಬಡಿಸಿದರು. ಹಿರಿಯರು ಹಚ್ಚಿದ ದೀಪವನ್ನು ಹಾಗೆಯೇ ಕಾಯ್ದುಕೊಳ್ಳುವುದಷ್ಟೇ ಅವರಿಗೆ ಸಲ್ಲಿಸುವ ಗೌರವವಲ್ಲ. ಅದರ ಬೆಳಕು ಇನ್ನಷ್ಟು ದೂರ ಹರಿಯುವಂತೆ ಮಾಡುವುದೇ ನಿಜವಾದ ಗೌರವ.

ಇಂದಿಗೂ ಅದೇ ನಿಲ್ದಾಣದಲ್ಲಿ, ಎದುರಿನ ಬಸ್ ನಿಲ್ದಾಣದಲ್ಲಿ, ಚೀಲವೊಂದನ್ನು ಹೆಗಲಿಗೇರಿಸಿಕೊಂಡು ಇಳಿಯುವ ತರುಣ ತರುಣಿಯರು ಅನೇಕರು. ಓದಬೇಕೆಂಬ ಆಸೆಯಿದ್ದರೂ ಕೋಣೆಯ ಬಾಡಿಗೆಗೆ ಹೆದರಿ ಕೆಲಸಕ್ಕೆ ಸೇರುವವರು ಅವರಲ್ಲಿದ್ದಾರೆ. ನಗರದಲ್ಲಿಯೇ ಹುಟ್ಟಿ, ಓದಲು ಒಂದು ಮೂಲೆಯೂ ಇಲ್ಲದ ಮನೆಗಳಲ್ಲಿ ಬೆಳೆಯುವ ಮಕ್ಕಳೂ ಇದ್ದಾರೆ. ಎಲ್ಲರಿಂದಲೂ ಛತ್ರವನ್ನು ಕಟ್ಟಿಸಲಾಗದು. ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಊಟದ ಹೊಣೆ, ಒಬ್ಬ ಬಾಲಕಿಯ ಶುಲ್ಕ, ಸಂಜೆಯ ಪಾಠಕ್ಕೆ ಮನೆಯ ಒಂದು ಕೋಣೆ, ಇವುಗಳಲ್ಲಿ ಯಾವುದಾದರೊಂದು ನಮ್ಮ ಶಕ್ತಿಗೆ ನಿಲುಕೀತು. ಹೆಸರಿನ ಆಸೆಯಿಲ್ಲದೆ, ಕೊಟ್ಟುದನ್ನು ಮತ್ತೆ ಎಣಿಸದೆ ಅದನ್ನು ನೆರವೇರಿಸಿದರೆ, ಧರ್ಮಪ್ರವರ್ತ ತೋಟದಪ್ಪನವರ ಸ್ಮರಣೆಯು ಸಾರ್ಥಕವಾಗುತ್ತದೆ. ಅಂತಹ ಸದ್ಬುದ್ಧಿಯನ್ನು ಬಸವಾದಿ ಶಿವಶರಣರು ನಮ್ಮೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸುತ್ತೇವೆ.