ಬಸವಣ್ಣನವರ ಕಲ್ಯಾಣ ಮತ್ತು ಗನ್ ಕೇಳುವ ಹುಡುಗರು

ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಬಸವಕಲ್ಯಾಣದ ಬಸ್ಸಿಗೆ ಕಾಯ್ತಿದ್ದೆ. ಪಕ್ಕದಲ್ಲಿ ಇಬ್ಬರು ಕಾಲೇಜು ಹುಡುಗರ ವಾದ ಜೋರಾಗಿತ್ತು. ಅಮೆರಿಕದ ಹಾಗೆ ಇಲ್ಲೂ ಎಲ್ಲರ ಕೈಗೆ ಗನ್ ಬಂದ್ರೆ ಬಲಾಢ್ಯರು ಬಡವರ ತಂಟೆಗೆ ಬರಲ್ಲ ಅಂತ ಒಬ್ಬ. ಮೊದಲು ಸಾಯೋನು ಬಡವನೇ ಅಂತ ಇನ್ನೊಬ್ಬ. ಎಂಜಿನಿಯರಿಂಗ್ ಓದುವಾಗ ನಾನೂ ಮೊದಲನೆಯವನ ಪಕ್ಷ. ಗನ್ ಒಂದು ಯಂತ್ರ, ಸರಿ-ತಪ್ಪೆಲ್ಲ ಹಿಡಿದವನದ್ದು ಅನ್ನೋ ಲೆಕ್ಕ. ಬಸವಣ್ಣನವರ ಬದುಕು ಓದಿದ ಮೇಲೆ ಆ ಲೆಕ್ಕ ತಾಳೆಯಾಗಲಿಲ್ಲ.

12ನೇ ಶತಮಾನ. ಬಾಗೇವಾಡಿಯ ಬ್ರಾಹ್ಮಣ ಮನೆಯ ಹುಡುಗ ಜನಿವಾರ ಬೇಡವೆಂದು ಕೂಡಲಸಂಗಮಕ್ಕೆ ಹೋದರು. ಮುಂದೆ ಮಂಗಳವೇಢೆಯಲ್ಲಿ ಕರಣಿಕರಾಗಿ ಲೆಕ್ಕ ಬರೆದರು. ಚಾಲುಕ್ಯರ ಸಾಮಂತನಾಗಿದ್ದ ಕಳಚುರಿ ಬಿಜ್ಜಳ ಒಡೆಯನನ್ನೇ ಬದಿಗೊತ್ತಿ ಕಲ್ಯಾಣದ ಗದ್ದುಗೆ ಏರಿದಾಗ, ಅವನ ಭಂಡಾರಿಯಾದರು. ಬೊಕ್ಕಸ ಅವರ ಕೈಯಲ್ಲಿತ್ತು, ಬೆನ್ನಿಗೆ ಜನರಿದ್ದರು. ಆದರೂ ಅವರು ಸೇನೆ ಕಟ್ಟಲಿಲ್ಲ. ಅಗಸ ಮಾಚಯ್ಯ, ಅಂಬಿಗ ಚೌಡಯ್ಯ, ಸಮಗಾರ ಹರಳಯ್ಯ ಒಟ್ಟಿಗೆ ಕೂತು ಮಾತಾಡುವ ಜಾಗ ಕಟ್ಟಿದರು.

ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಅರಮನೆ ಸಿಟ್ಟಾಯಿತು. ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿಸಿ ಎಳೆಸಿ ಕೊಂದರು ಎನ್ನುತ್ತದೆ ಶರಣ ಪರಂಪರೆ. ಬಸವಣ್ಣನವರು ಕಲ್ಯಾಣ ಬಿಟ್ಟು ಸಂಗಮಕ್ಕೆ ಹೊರಟರು. 1167ರ ಸುಮಾರಿಗೆ ಬಿಜ್ಜಳನ ಕೊಲೆಯಾಯಿತು. ಜಗದೇವ, ಮೊಲ್ಲೆಬೊಮ್ಮರು ಇರಿದರು ಅಂತ ಒಂದು ಕತೆ, ವಿಷ ಹಾಕಲಾಯಿತು ಅಂತ ಜೈನರ ಕತೆ. ಹೇಗೇ ಆಗಲಿ, ಆ ಸಾವಿನಿಂದ ಹರಳಯ್ಯ ಬದುಕಿ ಬರಲಿಲ್ಲ. ಬದಲಿಗೆ ಶರಣರ ಬೇಟೆ ಶುರುವಾಯಿತು. ಚೆನ್ನಬಸವಣ್ಣನ ಜೊತೆ ಒಂದು ಗುಂಪು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ದಾರಿ ಹಿಡಿಯಿತು. ಬಸವಣ್ಣನವರು ಸಂಗಮದಲ್ಲಿ ಐಕ್ಯರಾದರು.

ಆ ವಚನಗಳನ್ನು ದಶಕಗಟ್ಟಲೆ ಸಂಪಾದಿಸಿದ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದರು. 2017ರಲ್ಲಿ ಗೌರಿ ಲಂಕೇಶ್. ಎರಡಕ್ಕೂ ಬಳಸಿದ್ದು ಒಂದೇ 7.65 ಎಂಎಂ ನಾಡಪಿಸ್ತೂಲು ಎಂದಿತು ವಿಧಿವಿಜ್ಞಾನ ವರದಿ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು, ಒಬ್ಬರು ಇಟ್ಟುಕೊಳ್ಳಬಹುದಾದ ಲೈಸೆನ್ಸ್ ಗನ್‌ಗಳನ್ನು ಮೂರರಿಂದ ಎರಡಕ್ಕೆ ಇಳಿಸಿದ್ದಾರೆ. ಒಳ್ಳೆಯದೇ. ಆದರೆ ನಾಡಪಿಸ್ತೂಲು ಲೈಸೆನ್ಸ್ ಕೇಳಿಕೊಂಡು ಬರಲ್ಲ.

ಹಾಗಾದ್ರೆ ಎಲ್ಲರಿಗೂ ಗನ್ ಕೊಡೋಣವೇ? ಮನೆಬಾಗಿಲಲ್ಲೇ ಗುಂಡಿಗೆ ಬಲಿಯಾದ ಹಿರಿಯರಿಗೆ ಯಾವ ಗನ್ ನೆರವಾಗ್ತಿತ್ತು? ಆಯುಧ ಹಿಡಿಯದಿದ್ದರೂ ಶರಣರು ಉಳಿಯಲಿಲ್ಲ ಅನ್ನೋ ಆ ಮೊದಲ ಹುಡುಗನ ಮಾತಿನಲ್ಲಿ ಸತ್ಯವಿದೆ, ಅದನ್ನು ಒಪ್ಪಲೇಬೇಕು. ಹರಳಯ್ಯನನ್ನು ಕೊಂದಿದ್ದು ಕಳ್ಳ ಆಯುಧ ಅಲ್ಲ, ಅರಮನೆಯ ಆನೆ. ಅದಕ್ಕೇ ಶಸ್ತ್ರ ನಿಯಂತ್ರಣ ಅಂದ್ರೆ ನಮ್ಮ ಗನ್ ಎಣಿಸುವುದಷ್ಟೇ ಆಗಬಾರದು, ಪ್ರಭುತ್ವದ ಆನೆಗೂ ಅಂಕುಶ ಬೇಕು. ಜಾತಿ ಮೀರಿ ಮದುವೆಯಾದವರನ್ನು ಇವತ್ತಿಗೂ ಕೊಲ್ಲುವ ಊರುಗಳಲ್ಲಿ ಕೊಲೆಗೆ ಗನ್ನೇ ಬೇಕಾಗಿಲ್ಲ.

ಬಸ್ ಬಂತು. ಹುಡುಗರೂ ಹತ್ತಿದರು, ವಾದ ಮುಂದುವರಿದಿತ್ತು. ಕೂತು ಮಾತಾಡುವ ಆ ಜಾಗವನ್ನು ಉಳಿಸಿಕೊಂಡರೆ ಕಲ್ಯಾಣದ ಅರ್ಧ ಕೆಲಸ ಆದಂತೆ.